ತಕ್ಕಡಿ ಸಾಹೇಬರ ತಗ್ಗು ಕಾರು

ನಮ್ಮ ಬೀದಿಗೆ ಒಂದೇ ಬಾಯಿ. ಬಂದವರು ಬಂದ ದಾರಿಯಲ್ಲೇ ಹೊರಗೆ ಹೋಗಬೇಕು, ಏಕೆಂದರೆ ಇನ್ನೊಂದು ತುದಿಯಲ್ಲಿ ನೀರಿನ ಟ್ಯಾಂಕಿನ ಗೋಡೆ ನಿಂತಿದೆ. ಬೀದಿಯ ಬಾಯಲ್ಲಿ, ಕಿರಾಣಿ ಅಂಗಡಿಯ ಎದುರಿಗೆ, ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಮಲಗಿದೆ. ಅದನ್ನು ಹಾಕಿಸಿದವರು ಯಾರೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು; ಮುಂದೆ ಅವರೇ ಅದನ್ನು ಮರೆತವರಂತೆ ನಟಿಸಲಿದ್ದಾರೆ.

ಹಾಕಿಸಿದವರು ತಕ್ಕಡಿ ಸಾಹೇಬರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿ ನೆಟ್ಟಗಿದೆಯೇ, ಬಟ್ಟೆಯಂಗಡಿಯ ಮೀಟರ್ ಕೋಲು ಬೆರಳಗಲ ಮೋಟಾಗಿದೆಯೇ, ಪೆಟ್ರೋಲ್ ಬಂಕಿನ ಲೀಟರು ನಿಜವಾಗಿ ಲೀಟರೇ ಹೌದೇ ಎಂದು ನೋಡಿ ಸೀಲು ಒತ್ತುವುದು ಅವರ ಕೆಲಸ. ಈ ಕೆಲಸ ಮನುಷ್ಯನನ್ನು ಕೆಡಿಸುತ್ತದೆ. ಇಡೀ ಜಗತ್ತು ಒಂದಿಷ್ಟು ಕಡಿಮೆ ತೂಗುತ್ತಿದೆ, ತಾನೊಬ್ಬನೇ ಸರಿಯಾದ ತೂಕದ ಬಟ್ಟು ಎಂಬ ನಂಬಿಕೆ ಮೈಗೂಡಿಬಿಡುತ್ತದೆ.

ಉಬ್ಬು ಹಾಕುವ ದಿನ ಮೇಸ್ತ್ರಿ ಸರ್ಕಾರಿ ಅಳತೆಯ ಹಲಗೆಯನ್ನು ನೆಲಕ್ಕಿಟ್ಟು ಕಾಂಕ್ರೀಟು ಎಳೆಯುತ್ತಿದ್ದ. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇದೇನ್ರೀ, ಚಾಪೆ ಹಾಸಿದ ಹಾಗಿದೆ? ಇನ್ನೊಂದೆರಡು ಅಂಗುಲ ಏರಿಸಿ."

"ಅಳತೆ ಇಷ್ಟೇ ಸಾರ್."

"ಅಳತೆ ನನಗೆ ಹೇಳಿಕೊಡ್ತೀರಾ? ನಾನ್ಯಾರು ಗೊತ್ತಾ? ಏರಿಸಿ."

ಮೇಸ್ತ್ರಿ ಏರಿಸಿದ. ಅಂದಿನಿಂದ ಬಾಡಿಗೆ ಗಾಡಿಗಳು ನಮ್ಮನ್ನು ಬೀದಿಯ ಬಾಯಲ್ಲೇ ಇಳಿಸಿ ತಿರುಗಿಬಿಡುತ್ತವೆ. ಸಿಲಿಂಡರ್ ಹೊತ್ತ ಲಾರಿ ದಾಟಿದರೆ ಮನೆಯೊಳಗಿನ ಪಾತ್ರೆಗಳೂ ಒಮ್ಮೆ ಎದ್ದು ಕೂರುತ್ತವೆ. ಸೊಂಟನೋವಿಗೆ ಮುಲಾಮು ಹಚ್ಚಿಕೊಂಡು ನಾವು ಇದನ್ನು ಪ್ರಗತಿ ಎಂದು ಒಪ್ಪಿಕೊಂಡೆವು. ನಮ್ಮ ಬೀದಿಯವರು ಏನನ್ನಾದರೂ ಒಪ್ಪಿಕೊಳ್ಳುತ್ತಾರೆ, ಎದ್ದು ಹೋಗಿ ಬೇಡ ಎನ್ನುವ ಶ್ರಮವೊಂದು ತಪ್ಪುವುದಾದರೆ.

ಇಂಥ ಸಾಹೇಬರು ಒಂದು ದಿನ ಸ್ಪೋರ್ಟ್ಸ್ ಕಾರು ಕೊಂಡರು.

ಕೆಂಪು ಬಣ್ಣ. ಎರಡೇ ಸೀಟು. ತಲೆಯ ಮೇಲೆ ಬಟ್ಟೆಯ ಹೊದಿಕೆ. ಸಾಹೇಬರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಹೊಸದಾಗಿತ್ತು. ಆ ಬಳಿಕ ಇಬ್ಬರೂ ಒಂದೇ ವೇಗದಲ್ಲಿ ಹಳತಾಗಿದ್ದರು. ಮಾರಿದವರು ಹಲ್ಲಿನ ಡಾಕ್ಟರು. ಬೀಗದ ಕೈ ಕೊಡುವಾಗ ಅವರ ಮೂವತ್ತೆರಡೂ ಹಲ್ಲು ಕಾಣುತ್ತಿದ್ದವು, ಅದನ್ನು ನೋಡಿಯಾದರೂ ಸಾಹೇಬರು ಎಚ್ಚರವಾಗಬೇಕಿತ್ತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಆ ಕಾರಿನ ಹಾರ್ನು ಕೂಗುತ್ತಿತ್ತು. ಬಲಕ್ಕೆ ಹಾಕಿದರೆ ಏನೂ ಆಗುತ್ತಿರಲಿಲ್ಲ.

ಕಾರಿಗೆ ಜಾಗ ಬೇಕು. ಸಾಹೇಬರ ಮನೆಯ ಕೆಳಗೆ, ಬೀದಿಗೆ ಮುಖಮಾಡಿ, ಶಟರ್ ಇರುವ ಒಂದು ಕೋಣೆ ಇತ್ತು. ಅಲ್ಲಿ ಅವರ ಹೆಂಡತಿ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಬೀದಿಯ ಹೆಂಗಸರು ಅಲ್ಲಿಗೆ ಅಳತೆ ಕೊಡಲು ಬರುತ್ತಿದ್ದರು, ಅಳತೆ ಕೊಟ್ಟಾದ ಮೇಲೆ ಇನ್ನೊಬ್ಬರ ಅಳತೆ ತೆಗೆಯಲು ಕೂರುತ್ತಿದ್ದರು. ಒಂದು ಬೆಳಿಗ್ಗೆ ಹೊಲಿಗೆ ಯಂತ್ರ ಮೇಲಿನ ಮಲಗುವ ಕೋಣೆಗೆ ಹೋಯಿತು, ಕಾರು ಕೆಳಗೆ ಬಂತು.

"ಒಂದೇ ತಿಂಗಳು ಕಣೇ. ರೆಡಿ ಆದ್ಮೇಲೆ ಹೊರಗೆ ನಿಲ್ಲಿಸ್ತೀನಿ," ಎಂದಿದ್ದರು ಸಾಹೇಬರು.

ಹಳೆಯ ಕಾರು ರೆಡಿಯಾಗುವುದು ಎಂದರೆ ಹೆಣ್ಣು ನೋಡಲು ಹೋದವರು ಆಮೇಲೆ ತಿಳಿಸ್ತೀವಿ ಎಂದ ಹಾಗೆ. ತಿಂಗಳುಗಳು ಉರುಳಿದವು. ಸಾಹೇಬರು ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಅದರಲ್ಲಿನ ಮನುಷ್ಯ ಮಾಡಿದಂತೆಯೇ ಮಾಡುತ್ತ ಹೋದರು. ಆ ಮನುಷ್ಯ ಪ್ಲಗ್ ಬಿಚ್ಚಿದರೆ ಇವರೂ ಬಿಚ್ಚಿದರು. ಆತ ಹಣೆಯ ಬೆವರು ಒರೆಸಿಕೊಂಡರೆ ಇವರೂ ಒರೆಸಿಕೊಂಡರು, ಹಣೆಗೆ ಗ್ರೀಸು ಅಂಟಿತು. ಎಂಜಿನ್ನಿನಿಂದ ತೊಟ್ಟಿಕ್ಕುವ ಆಯಿಲಿಗೆ ಕೆಳಗೆ ಪೇಪರು ಹಾಸಿ, ಮಾರನೆಯ ದಿನ ಕಲೆಯ ಆಕಾರ ನೋಡಿ, "ಇವತ್ತು ಪರವಾಗಿಲ್ಲ," ಎನ್ನುತ್ತಿದ್ದರು. ಹಳೆಯ ಸೈಲೆನ್ಸರು ಹೋಗಿ ಕೊಳವೆಬಾವಿಯ ಪೈಪಿನಷ್ಟು ದಪ್ಪದ್ದು ಬಂತು. ಸ್ಟೀರಿಂಗು ಹೋಗಿ ತಟ್ಟೆಯಷ್ಟು ಚಿಕ್ಕದು ಬಂತು. ಮೆತ್ತನೆಯ ಸೀಟು ಹೋಗಿ ರೇಸಿನವರ ಗಟ್ಟಿ ಸೀಟು ಬಂತು. ಅದರಲ್ಲಿ ಕೂರುವುದಕ್ಕೆ ಒಂದು ನಿಮಿಷ, ಏಳುವುದಕ್ಕೆ ಇನ್ನೊಬ್ಬರು ಬೇಕಿತ್ತು.

ಈ ಹೊತ್ತಿಗೆ ಷಡ್ಡಕ ಬಂದ.

ಷಡ್ಡಕ ಎಂದರೆ ಸಾಹೇಬರ ಹೆಂಡತಿಯ ತಂಗಿಯ ಗಂಡ. ಅವನದು ಆಳೆತ್ತರದ ಹೊಸ ಕಾರು, ಹತ್ತುವುದಕ್ಕೆ ಪಕ್ಕದಲ್ಲಿ ಮೆಟ್ಟಿಲಿದೆ. ಅವನು ಶಟರಿನ ಕೆಳಗೆ ಬಗ್ಗಿ ಕೆಂಪು ಕಾರನ್ನು ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಬಂದ. ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿದ.

"ಎಲ್ಲಾ ಸರಿ ಅಣ್ಣ. ಆದ್ರೆ ಇಷ್ಟು ಎತ್ತರ ಯಾಕೆ ನಿಂತಿದೆ? ಸ್ಪೋರ್ಟ್ಸ್ ಕಾರು ಅಂದ್ರೆ ನೆಲಕ್ಕೆ ಅಂಟಿಕೊಂಡಿರಬೇಕು. ಇದು ಲಂಗ ಎತ್ತಿ ಹೊಳೆ ದಾಟೋ ಅಜ್ಜಿ ಥರ ಇದೆ."

ಸಾಹೇಬರ ಮುಖ ಕಾರಿನ ಬಣ್ಣಕ್ಕೆ ತಿರುಗಿತು. "ಅದು ಇನ್ನೂ ಬಾಕಿ ಇದೆ. ತಗ್ಗಿಸೋದು ಪ್ಲಾನಲ್ಲೇ ಇದೆ."

"ಓ, ಇದೆಯಾ? ಹಾಗಾದ್ರೆ ತಗ್ಗಿಸಿ, ಅಕ್ಕನ್ನ ಕೂರಿಸಿಕೊಂಡು ನಮ್ಮನೆಗೆ ಊಟಕ್ಕೆ ಬನ್ನಿ. ಬರೋ ತಿಂಗಳು ಮೊದಲನೇ ಭಾನುವಾರ. ಬಂದ್ರೆ ನಾನೇ ಕಾರು ತೊಳೆದು ಕೊಡ್ತೀನಿ."

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಅಷ್ಟರಲ್ಲಿ ಬಾಯಿ ಹಾಕಿದರು. ಮಲಗುವ ಕೋಣೆಯಲ್ಲಿ ಅಳತೆ ಕೊಡಲು ಯಾರು ಬರುತ್ತಾರೆ? ಬಂದವರು ಮಂಚದ ಮೇಲೆ ಬನಿಯನ್ನಿನಲ್ಲಿ ಬಿದ್ದುಕೊಂಡ ಸಾಹೇಬರನ್ನು ಕಂಡು ಬಾಗಿಲಲ್ಲೇ ತಿರುಗಿ, ಮಾರ್ಕೆಟ್ಟಿನ ಹತ್ತಿರದ ಹೊಸ ಟೈಲರನ್ನು ಹುಡುಕಿಕೊಂಡಿದ್ದರು. ಕಾಯಂ ಗಿರಾಕಿಗಳಲ್ಲಿ ಅರ್ಧ ಜನ ಈಗ ಬೀದಿಯಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಿದ್ದರು.

"ನಿಮ್ಮ ಷಡ್ಡಕರು ಹೇಳಿದ್ದು ಸರಿಯಾಗಿದೆ ರೀ. ನಾನೂ ಒಂದು ಮಾತು ಸೇರಿಸ್ತೀನಿ. ಆ ಭಾನುವಾರ ಈ ಕಾರು, ತನ್ನ ಕಾಲ ಮೇಲೆ ತಾನು ನಡೆದು, ನನ್ನ ತಂಗಿ ಮನೆಗೆ ನನ್ನನ್ನ ಕರ್ಕೊಂಡು ಹೋದ್ರೆ ಕೋಣೆ ಅದಕ್ಕೇ ಇರಲಿ, ನಾನು ಇನ್ನೊಂದು ಸಲ ಬಾಯಿ ತೆಗೆಯಲ್ಲ. ಹೋಗದೇ ಇದ್ರೆ ಸಂಜೆಗೆ ನನ್ನ ಮೆಷಿನ್ನು ಕೆಳಗೆ ಬರಬೇಕು."

"ನಡಿ, ಆಗಲಿ!" ಎಂದರು ಸಾಹೇಬರು. ಷಡ್ಡಕನ ಎದುರಿಗೆ ಬೇರೇನು ಹೇಳಲು ಸಾಧ್ಯ?

ಮಾರನೆಯ ದಿನವೇ ಅವರು ಗ್ರೈಂಡರ್ ಬಾಡಿಗೆಗೆ ತಂದು, ನಾಲ್ಕೂ ಚಕ್ರದ ಸ್ಪ್ರಿಂಗುಗಳನ್ನು ಬಿಚ್ಚಿ, ಒಂದೊಂದರಿಂದಲೂ ಒಂದು ಸುತ್ತು ಕತ್ತರಿಸಿಬಿಟ್ಟರು. ಕಿಡಿಗಳು ಶಟರಿನಾಚೆ ಹಾರಿದವು. ಮತ್ತೆ ಜೋಡಿಸಿ ಜಾಕು ಇಳಿಸಿದಾಗ ಕಾರು ಮುಂದಕ್ಕೆ ಹಿಂದಕ್ಕೆ ಒಮ್ಮೆ ವಾಲಾಡಿ, ಹೊಟ್ಟೆ ತುಂಬ ಉಂಡವನು ನೆಲದ ಮೇಲೆ ಚಾಚಿಕೊಂಡಂತೆ ಕುಳಿತಿತು. ಕತ್ತರಿಸಿದ ಸುತ್ತುಗಳನ್ನು ಹೆಂಡತಿ ಅಡುಗೆಮನೆಗೆ ಒಯ್ದರು. ಬಿಸಿ ಪಾತ್ರೆ ಇಡಲು ಅವು ಬಹಳ ಚೆನ್ನಾಗಿವೆ. ಇಡೀ ಉದ್ಯಮದಲ್ಲಿ ಇಂದಿಗೂ ಉಪಯೋಗದಲ್ಲಿರುವುದು ಅವಷ್ಟೇ.

ತಗ್ಗಿದ ಕಾರನ್ನು ಸಾಹೇಬರು ಮೊದಲ ಸಲ ಹೊರಗೆ ತೆಗೆದಾಗ ಬೀದಿಯೇ ಬಾಲ್ಕನಿಗೆ ಬಂತು. ಸೈಲೆನ್ಸರು ಗುಡುಗಿತು. ಕಾರು ಗಂಭೀರವಾಗಿ ಹೊರಟು, ಅಂಗಡಿಯ ಎದುರಿಗೆ ಬಂದು, ಉಬ್ಬನ್ನು ಏರಿತು. 'ಕರ್ರ್' ಎಂದು ಒಂದು ಸದ್ದು ಕೇಳಿತು. ಕೊಡಪಾನವನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು.

ಸಾಹೇಬರು ಹಿಂದಕ್ಕೆ ತೆಗೆದರು. ಇಳಿದರು. ಜೇಬಿನಿಂದ ಟೇಪು ತೆಗೆದರು. ಅದು ಹೆಂಡತಿಯ ಹೊಲಿಗೆಯ ಟೇಪು, ಹಳದಿ ಬಣ್ಣದ್ದು, ಗ್ರೀಸಿನಿಂದ ಅರ್ಧ ಕಪ್ಪಾಗಿತ್ತು. ಕುಕ್ಕರಗಾಲಲ್ಲಿ ಕೂತು ಉಬ್ಬಿನ ಎತ್ತರ ಹಿಡಿದರು. ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಎಂದು ಹಿಡಿದರು. ಹೊಟ್ಟೆಯೇ ಒಂದು ಬೆರಳು ಮೇಲಿತ್ತು. ದಾಟಲೇಬೇಕು! ಹತ್ತಿ ಕೂತು ಮತ್ತೆ ಹೊರಟರು. ಕರ್ರ್. ಮತ್ತೆ ಇಳಿದು ಅಳೆದರು. ಒಂದು ಬೆರಳು ಜಾಗ. ಹತ್ತಿದರು. ಕರ್ರ್.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಾಹೇಬರು ಉಬ್ಬನ್ನು ಗುಮಾನಿಯಿಂದ ನೋಡಿದರು. ಬಿಸಿಲಿಗೆ ಕಾಂಕ್ರೀಟು ಹಿಗ್ಗಿರಬೇಕು ಎಂದುಕೊಂಡು ಮಾರನೆಯ ದಿನ ತಂಪು ಹೊತ್ತಿಗೆ ಬಂದರು. ಕರ್ರ್. ಟೈರಿಗೆ ಗಾಳಿ ಸಾಲದು ಎಂದು ಒಡೆಯುವಷ್ಟು ಗಾಳಿ ತುಂಬಿಸಿಕೊಂಡು ಬಂದರು. ಕರ್ರ್. ಪ್ರತಿ ಸಲವೂ ಇಳಿದು ಅಳೆದರೆ ಒಂದು ಬೆರಳು ಜಾಗ ಇದ್ದೇ ಇತ್ತು.

"ಯಾಕೆ ಸಾಹೇಬರೇ, ದಾಟ್ತಾ ಇಲ್ವಾ?" ಎಂದು ಮೇಲಿನ ಬಾಲ್ಕನಿಯಿಂದ ನಿವೃತ್ತ ಹೆಡ್‌ಮಾಸ್ತರು ಕೂಗಿದರು.

"ದಾಟೋಕೆ ಬಂದದ್ದಲ್ಲ ಮಾಸ್ತರೇ! ಇದು... ತಪಾಸಣೆ."

ಕಾರಿನ ತಪಾಸಣೆ ಎಂಬ ಅರ್ಥದಲ್ಲಿ ಸಾಹೇಬರು ಇದನ್ನು ಹೇಳಿದರು. ಆದರೆ ತೂಕದ ಇಲಾಖೆಯ ಇನ್‌ಸ್ಪೆಕ್ಟರು, ಕಿರಾಣಿ ಅಂಗಡಿಯ ಎದುರಿಗೆ, ಕೈಯಲ್ಲಿ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತು ಆ ಮಾತು ಹೇಳಿದರೆ ಅದು ಎಲ್ಲಿಗೆ ಹೋಗಿ ಮುಟ್ಟಬೇಕೋ ಅಲ್ಲಿಗೇ ಮುಟ್ಟುತ್ತದೆ.

ಅಂಗಡಿಯವನು ಸಕ್ಕರೆ ತೂಗುತ್ತಿದ್ದ. ಅವನ ಕೈ ನಿಂತಿತು. ಪೊಟ್ಟಣಕ್ಕೆ ಇನ್ನೊಂದು ಹಿಡಿ ಸಕ್ಕರೆ ಬಿತ್ತು. ಒಂದು ಕ್ಷಣ ಯೋಚಿಸಿ, ಮತ್ತೊಂದು ಹಿಡಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಮ್ಮ ಅಂಗಡಿಯವನು ಮೈಯೆಲ್ಲ ಮುಟ್ಟಿಕೊಂಡು ನಡೆಸಿ ತೋರಿಸಿದ. ಇನ್‌ಸ್ಪೆಕ್ಟರು ದಿನಾ ಬರುತ್ತಾರೆ. ಒಳಗೆ ಕಾಲಿಡುವುದಿಲ್ಲ. ಏನೂ ಕೇಳುವುದಿಲ್ಲ. ಎದುರಿಗೆ ನೆಲದಲ್ಲಿ ಕೂತು ಏನನ್ನೋ ಅಳೆಯುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಗುಡುಗುತ್ತ ವಾಪಸು ಹೋಗುತ್ತಾರೆ. ಇದಕ್ಕಿಂತ ಬೆದರಿಕೆ ಬೇಕೇ? ವಾರದೊಳಗೆ ಬೀದಿಯ ಮನೆಗಳಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ಹಾಕಲಾಗದೆ ಜನ ಬೆರಗಾದರು. ಬೇಳೆ ತಿಂಗಳು ಮೀರಿಯೂ ಉಳಿಯುವಂತಿತ್ತು. "ಸ್ವಲ್ಪ ಕಡಿಮೇನೇ ಕೊಡಪ್ಪ, ಡಬ್ಬಿ ಹಿಡಿಯಲ್ಲ," ಎಂದು ಒಬ್ಬ ಹೆಂಗಸು ಬೇಡಿಕೊಂಡಳಂತೆ. "ಆಗಲ್ಲಮ್ಮ, ತಗೊಂಡು ಹೋಗಿ, ಕೈ ಮುಗೀತೀನಿ," ಎಂದನಂತೆ ಅಂಗಡಿಯವನು, ಕಣ್ಣು ರಸ್ತೆಯ ಮೇಲಿಟ್ಟು.

ಕೊನೆಗೆ ಅವನು ಸಾಹೇಬರನ್ನೇ ಹಿಡಿದ. ಅವರು ಉಬ್ಬಿನ ಪಕ್ಕದಲ್ಲಿ ಮಂಡಿಯೂರಿದ್ದರು.

"ಸಾರ್, ಒಂದು ಚೂರು ಹೆಚ್ಚುಕಮ್ಮಿ ಇರಬಹುದು. ಎಲ್ಲರಲ್ಲೂ ಇರತ್ತಲ್ಲ."

ಅಂಗಡಿಯವನಿಗೆ ತನ್ನ ಕಾರಿನ ಹೊಟ್ಟೆಯ ಗುಟ್ಟು ತಿಳಿದುಹೋಯಿತೆಂದು ಸಾಹೇಬರು ಗಾಬರಿಯಾದರು. "ಏನ್ರೀ ಹೆಚ್ಚುಕಮ್ಮಿ? ಕೂದಲೆಳೆಯಷ್ಟು ಇದ್ರೂ ನಾನು ಬಿಡೋನಲ್ಲ. ಸರಿ ಮಾಡೇ ಮಾಡ್ತೀನಿ."

ಅಂಗಡಿಯವನ ಮುಖ ಬಿಳಿಚಿತು. "ಮಾಡ್ಕೊಳ್ಳೋಣ ಸಾರ್, ಇಬ್ಬರೂ ಸೇರಿ ಸರಿ ಮಾಡ್ಕೊಳ್ಳೋಣ. ದಯವಿಟ್ಟು ಯಾರಿಗೂ ಹೇಳಬೇಡಿ."

"ನಾನ್ಯಾಕೆ ಹೇಳಲಿ? ನೀವು ಹೇಳಬೇಡಿ!"

"ನಾನಾ?"

"ಮುಖ್ಯವಾಗಿ ನನ್ನ ಹೆಂಡತಿಗೆ."

ಅಂಗಡಿಯವನು ರಾತ್ರಿಯೆಲ್ಲ ಈ ಕೊನೆಯ ಮಾತಿನ ಅರ್ಥ ಹುಡುಕಿರಬೇಕು. ಸಿಗದಿದ್ದಾಗ ಮನುಷ್ಯನಿಗೆ ಧೈರ್ಯ ಬರುತ್ತದೆ. ಅವನು ಇಲಾಖೆಗೆ ದೂರು ಕೊಟ್ಟ: ಇನ್‌ಸ್ಪೆಕ್ಟರು ರಜೆಯ ದಿನವೂ ಬಿಡದೆ ಅಂಗಡಿಯ ಎದುರು ಕೂತು ಕಿರುಕುಳ ಕೊಡುತ್ತಿದ್ದಾರೆ.

ಇತ್ತ ಬೀದಿ ಬೇರೆಯೇ ದಿಕ್ಕಿಗೆ ಹೊರಟಿತ್ತು. ಹೆಡ್‌ಮಾಸ್ತರು ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು, ನಿವೃತ್ತರಿಗೆ ತೀರ್ಮಾನಕ್ಕೆ ಬರಲು ಸಮಯ ಬಹಳ. ಟ್ಯಾಂಕಿನ ಗೋಡೆಯ ಹತ್ತಿರ ಸಭೆ ಸೇರಿತು. ಎಲ್ಲರೂ ಅವರವರ ಕುರ್ಚಿ ಅವರವರೇ ತಂದರು.

"ನಮ್ಮ ಸಾಹೇಬರು ಏನು ಮಾಡ್ತಿದಾರೆ ಅಂತ ಕೆಲವರು ನಕ್ಕರು. ನಾನೂ ನಕ್ಕೆ. ತಪ್ಪಾಯ್ತು!" ಮಾಸ್ತರು ಎದೆ ಮುಟ್ಟಿಕೊಂಡರು. "ಇವತ್ತು ನಮ್ಮ ಅಕ್ಕಿ ಸರಿಯಾಗಿದೆ, ಬೇಳೆ ಸರಿಯಾಗಿದೆ. ಯಾರಿಂದ? ಸ್ವಂತ ಕಾರು, ಸ್ವಂತ ಪೆಟ್ರೋಲು, ಸ್ವಂತ ಮಂಡಿ! ದಿನಾ ನೆಲಕ್ಕೆ ಮಂಡಿಯೂರಿ ಕಾವಲು ಕಾಯೋ ಅಧಿಕಾರೀನ ನೀವು ಎಲ್ಲಾದ್ರೂ ನೋಡಿದೀರಾ?"

ಚಪ್ಪಾಳೆ ಬಿತ್ತು. ಸಾಹೇಬರು ಎದ್ದು ನಿಂತರು. ಈ ಕ್ಷಣದಲ್ಲಿ ನಿಜ ಹೇಳಿಬಿಡುವ ಮನುಷ್ಯರೂ ಲೋಕದಲ್ಲಿದ್ದಾರೆ, ಆದರೆ ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

"ಕರ್ತವ್ಯ," ಎಂದರು ಸಾಹೇಬರು, ಕಣ್ಣು ಅರೆಮುಚ್ಚಿ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಒಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬರುವಾಗ ಕೇಳಿದರು, "ಕರ್ತವ್ಯ ಅಂಗಡಿ ಮುಂದೆ ಬಂದು ನಿಂತುಬಿಡುತ್ತಲ್ಲ, ಮುಂದಕ್ಕೆ ಯಾಕೆ ಹೋಗಲ್ಲ?"

"ಸ್ಪ್ರಿಂಗು ಹೊಸದಾಗಿ ಕತ್ತರಿಸಿದ್ದು ಕಣೇ. ಪಳಗಬೇಕು."

"ನನ್ನ ಟೇಪು ಎಲ್ಲಿ?"

"ಪಳಗಿಸೋದಕ್ಕೆ ಬೇಕು."

"ಭಾನುವಾರ ಹತ್ತಿರ ಬಂತು. ಅದು ಜ್ಞಾಪಕ ಇರಲಿ."

ಭಾನುವಾರ ಬಂತು.

ಹೆಂಡತಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟು, ಗಟ್ಟಿ ಸೀಟಿನಲ್ಲಿ ಇಳಿದು ಕೂತರು. ಕಾರು ಸ್ವಲ್ಪ ತಗ್ಗಿತು. ಸಾಹೇಬರು ಕೂತರು. ಕಾರು ಇನ್ನೂ ತಗ್ಗಿತು. ಇಬ್ಬರ ಮಂಡಿಗಳೂ ಮೂಗಿನ ಮಟ್ಟಕ್ಕೆ ಬಂದವು. ಬೀದಿಯವರು ತಮ್ಮ ಕಾವಲುಗಾರನಿಗೆ ಬಾಲ್ಕನಿಯಿಂದ ಕೈ ಬೀಸಿದರು. ಉಬ್ಬಿನಾಚೆ ಷಡ್ಡಕ ತನ್ನ ಎತ್ತರದ ಕಾರಿಗೆ ಒರಗಿ, ಫೋನು ಮೇಲೆತ್ತಿ ವಿಡಿಯೋ ಹಿಡಿಯುತ್ತಿದ್ದ. "ದಾರಿ ತೋರಿಸೋದಕ್ಕೆ ಬಂದೆ ಅಣ್ಣ!" ಎಂದು ಕೂಗಿದ. ಕಳೆದ ಹನ್ನೆರಡು ವರ್ಷಗಳಿಂದ ಸಾಹೇಬರು ಆ ಮನೆಗೆ ಹೋಗಿಬರುತ್ತಿದ್ದಾರೆ.

ಅಂಗಡಿಯ ಎದುರಿಗೆ, ಉಬ್ಬಿಗೆ ಸರಿಯಾಗಿ ಈಚೆ, ಒಬ್ಬ ಹೆಂಗಸು ನಿಂತಿದ್ದರು. ಕನ್ನಡಕ, ಚಪ್ಪಟೆ ಚಪ್ಪಲಿ, ಕಂಕುಳಲ್ಲಿ ಫೈಲು. ಸಾಹೇಬರು ಬ್ರೇಕ್ ಒತ್ತಿದರು. ಅವರು ಸಾಹೇಬರ ಮೇಲಧಿಕಾರಿ.

"ಮೇಡಂ! ಇಲ್ಲಿ? ಭಾನುವಾರ?"

"ನೀವೂ ಭಾನುವಾರ ಬರ್ತೀರಂತಲ್ಲ, ಅದಕ್ಕೇ ಬಂದೆ. ಇಳೀಬೇಡಿ, ಇಳಿಯೋದು ಕಷ್ಟ ಅಂತ ಕಾಣುತ್ತೆ." ಮೇಡಂ ಫೈಲು ತೆರೆದರು. "ಈ ಅಂಗಡಿ ಎದುರು ದಿನಾ ಕೂತು ಏನು ಮಾಡ್ತೀರಿ?"

ಅಂಗಡಿಯವನು ಬಾಗಿಲಿಗೆ ಬಂದ. ಮಾಸ್ತರು ಮೇಲಿನಿಂದ, "ಕರ್ತವ್ಯ!" ಎಂದು ಕೂಗಿದರು.

"ಕರ್ತವ್ಯಕ್ಕೆ ಆದೇಶ ಬೇಕು. ಆದೇಶ ಇದೆಯಾ?" ಎಂದರು ಮೇಡಂ. "ಇಲ್ಲ ಅಂದ್ರೆ ಇದು ಕಿರುಕುಳ. ಕಿರುಕುಳಕ್ಕೆ ಹಳೇ ಗೋದಾಮಿಗೆ ವರ್ಗ. ಅಲ್ಲಿ ಇಲಿಗಳ ತೂಕ ಹಿಡ್ಕೊಂಡು ಕೂತಿರಬಹುದು."

ಸಾಹೇಬರು ಎಡಕ್ಕೆ ನೋಡಿದರು. ಹೆಂಡತಿ ನೇರವಾಗಿ ಮುಂದೆ ನೋಡುತ್ತಿದ್ದರು. ತಪಾಸಣೆ ಎಂದರೆ ಗೋದಾಮು. ಕಾರು ಉಬ್ಬು ದಾಟುತ್ತಿಲ್ಲ ಎಂದರೆ ಕೋಣೆ ಹೋಯಿತು, ಅದೂ ಷಡ್ಡಕನ ಫೋನಿನ ಎದುರಿಗೆ.

"ಏನೂ ಮಾಡ್ತಿರಲಿಲ್ಲ ಮೇಡಂ. ಕಾರು ಓಡಿಸಿ ನೋಡ್ತಿದ್ದೆ, ಅಷ್ಟೇ."

"ಓಡಿಸೋರು ಇಲ್ಲಿ ಬಂದು ಯಾಕೆ ನಿಲ್ಲಬೇಕು? ದಾಟಿ ಹೋಗಬಹುದಲ್ಲ."

"ಹೋಗಬಹುದು."

"ಹಾಗಾದ್ರೆ ಹೋಗಿ. ನೋಡೋಣ."

"ಹೋಗಿ ರೀ," ಎಂದರು ಹೆಂಡತಿ, ತುಂಬ ಮೃದುವಾಗಿ.

ಸಾಹೇಬರು ಹತ್ತು ಮಾರು ಹಿಂದಕ್ಕೆ ತೆಗೆದರು. ಹಲ್ಲು ಕಚ್ಚಿದರು. ಗಾಬರಿಯಲ್ಲಿ ಎಡ ದೀಪಕ್ಕೆ ಕೈ ತಗಲಿ ಹಾರ್ನು ಕೂಗತೊಡಗಿತು. ಕೂಗುತ್ತಲೇ ಕಾರು ನುಗ್ಗಿತು. ಮುಂದಿನ ಚಕ್ರಗಳು ಆಚೆ ಹಾರಿದವು, ಹಿಂದಿನವು ಈಚೆ ಉಳಿದವು, ಹೊಟ್ಟೆ ಉಬ್ಬಿನ ನೆತ್ತಿಯ ಮೇಲೆ ಕೂತಿತು. ಕಾರು ಮುಂದಕ್ಕೊಮ್ಮೆ ವಾಲಿತು, ಹಿಂದಕ್ಕೊಮ್ಮೆ ವಾಲಿತು, ಮತ್ತೆ ಮುಂದಕ್ಕೆ, ಕೊನೆಗೆ ಸಮವಾಗಿ ನಿಂತಿತು. ಇಡೀ ಬೀದಿ ಕಣ್ಣಾರೆ ನೋಡಿತು: ತಕ್ಕಡಿ ಸಾಹೇಬರು ತಕ್ಕಡಿಯಲ್ಲಿ ಕೂತಿದ್ದರು.

ಹಿಂದಿನ ಚಕ್ರಗಳು ನೆಲಕ್ಕೆ ಸರಿಯಾಗಿ ತಾಗದೆ ಸುಮ್ಮನೆ ತಿರುಗಿ ಹೊಗೆ ಎಬ್ಬಿಸಿದವು.

"ಮುಳ್ಳು ನೆಟ್ಟಗಿದೆ," ಎಂದರು ಮೇಡಂ, ಅಭ್ಯಾಸಬಲದಿಂದ.

"ಹಿಂದೆ ಭಾರ ಹಾಕಿ! ಚಕ್ರಕ್ಕೆ ಹಿಡಿತ ಸಿಗಲಿ!" ಎಂದು ಷಡ್ಡಕ ನಿರ್ದೇಶನ ಕೊಟ್ಟ. ಮಾಸ್ತರು ಬನಿಯನ್ನಿನಲ್ಲೇ ಇಳಿದು ಬಂದರು. ಬೀದಿಯೇ ಬಂತು. ಭಾರ ಎಲ್ಲಿಂದ ತರುವುದು? ಅಂಗಡಿಯವನಿಗೆ ಸಾಹೇಬರ ಮೇಲೆ ಏಕಾಏಕಿ ಕರುಣೆ ಉಕ್ಕಿತು. ಇಷ್ಟು ದಿನ ತನ್ನನ್ನು ಹೆದರಿಸಿದ ಮನುಷ್ಯ ಉಬ್ಬಿನ ಮೇಲೆ ಜೋಲಾಡುವುದನ್ನು ನೋಡಿ ಅವನಿಗೆ ಖುಷಿಯಾಗಿತ್ತು, ಖುಷಿಯಾದವನು ಧಾರಾಳಿಯಾಗುತ್ತಾನೆ. ಒಳಗೆ ಓಡಿ ಹೋಗಿ ತೂಕದ ದೊಡ್ಡ ದೊಡ್ಡ ಕಬ್ಬಿಣದ ಬಟ್ಟುಗಳನ್ನು ಹೊತ್ತು ತಂದ. "ಇವನ್ನ ಹಾಕಿ, ಇವನ್ನ ಹಾಕಿ!"

ಬಟ್ಟುಗಳು ಡಿಕ್ಕಿಯಲ್ಲಿ ಕೂತವು. ಕಾರು ಇನ್ನಷ್ಟು ಇಳಿದು ಉಬ್ಬನ್ನು ಗಟ್ಟಿಯಾಗಿ ಅಪ್ಪಿಕೊಂಡಿತು.

ಕೊನೆಯ ಬಟ್ಟು ಮೇಡಂ ಕೈಗೆ ಬಂತು. ಅವರು ಅದನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರು. ಬೋರಲು ಹಾಕಿದರು. ಬಟ್ಟಿನ ತಳದಲ್ಲಿ ತೂಕ ಸರಿಪಡಿಸಲು ಸೀಸ ತುಂಬಿ ಸೀಲು ಒತ್ತುವ ಗುಳಿ ಇರುತ್ತದೆ. ಅಲ್ಲಿ ಸೀಸ ಇರಲಿಲ್ಲ. ಯಾರೋ ಅದನ್ನು ನಾಜೂಕಾಗಿ ಕೆರೆದು ತೆಗೆದು ಮೇಣ ತುಂಬಿದ್ದರು.

ಅಂಗಡಿಯವನು ತನ್ನ ಧಾರಾಳ ಬುದ್ಧಿಗೆ ತಾನೇ ಹಣೆ ಚಚ್ಚಿಕೊಂಡ.

"ಇದು ಎಷ್ಟು ವರ್ಷದ ಕೆಲಸ?" ಎಂದರು ಮೇಡಂ. ಅವನು ಬಾಗಿಲ ಕಡೆ ಹಿಂದೆ ಸರಿದ. ಮೇಡಂ ಕಾರಿನತ್ತ ತಿರುಗಿದರು. "ಇನ್‌ಸ್ಪೆಕ್ಟರೇ, ನೀವು ಇದೇ ಬೀದೀಲಿ ಇರ್ತೀರಿ. ಇದರ ಎದುರಿಗೇ ಮಂಡಿಯೂರಿ ಕೂರ್ತೀರಿ. ಇದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಎರಡೇ ಅರ್ಥ. ಒಂದು, ನೀವೂ ಇದರಲ್ಲಿ ಪಾಲುದಾರರು. ಇನ್ನೊಂದು ನೀವೇ ಹೇಳಬೇಕು. ಏನು ನೋಡ್ತಿದ್ರಿ?"

ಪಾಲು ಎಂಬ ಶಬ್ದ ಕೇಳಿದ್ದೇ ಸಾಹೇಬರ ಮೈ ನಡುಗಿತು, ಕಾರೂ ಅವರೊಂದಿಗೆ ನಡುಗಿತು.

"ನಾನು ಅಂಗಡಿ ಕಡೆ ತಲೆ ಎತ್ತಿ ಕೂಡ ನೋಡಿಲ್ಲ ಮೇಡಂ!" ಎಂದು ಕೂಗಿಕೊಂಡರು. "ನನ್ನ ಕಾರಿನ ಹೊಟ್ಟೆ ನೋಡ್ತಿದ್ದೆ! ಈ ಹಂಪು ದಾಟ್ತಾ ಇಲ್ಲ! ಒಂದು ದಿನಾನೂ ದಾಟಿಲ್ಲ! ತಗ್ಗಿಸಿದ್ದು ಜಾಸ್ತಿ ಆಯ್ತು! ಅಳೆದ್ರೆ ಜಾಗ ಇರುತ್ತೆ, ಹತ್ತಿದ್ರೆ ಇರಲ್ಲ! ಯಾವನು ಈ ಹಂಪು ಹಾಕಿಸಿದ್ದು?"

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಷಡ್ಡಕನ ಫೋನು ಇನ್ನೂ ಮೇಲೆಯೇ ಇತ್ತು. ಮಾಸ್ತರು ತಮ್ಮ ಭಾಷಣವನ್ನು ನೆನೆದು ಟ್ಯಾಂಕಿನ ಗೋಡೆಯ ಕಡೆ ತಿರುಗಿ ನಿಂತರು.

ಹೆಂಡತಿ ಬಾಗಿಲು ತೆಗೆದು ಇಳಿದರು. ಕಾರು ಸ್ವಲ್ಪ ಮೇಲೆದ್ದಿತು. ಡಿಕ್ಕಿಯ ಬಟ್ಟುಗಳನ್ನು ಮೇಡಂ ಒಂದೊಂದಾಗಿ ವಶಪಡಿಸಿಕೊಂಡರು. ಇನ್ನೂ ಸ್ವಲ್ಪ ಮೇಲೆದ್ದಿತು. ಆಮೇಲೆ ಇಬ್ಬರು ತೋಳು ಹಿಡಿದೆಳೆದು ಸಾಹೇಬರನ್ನು ಸೀಟಿನಿಂದ ಕಿತ್ತರು. ಅವರ ಪೃಷ್ಠ ಸೀಟು ಬಿಟ್ಟ ಗಳಿಗೆಯಲ್ಲಿ ಕಾರು 'ಉಸ್ಸಪ್ಪಾ' ಎಂದು ಉಸಿರುಬಿಟ್ಟು ಉಬ್ಬಿನಿಂದ ಒಂದು ಬೆರಳು ಮೇಲಕ್ಕೆದ್ದು ನಿಂತಿತು.

ಎಲ್ಲರೂ ಕಾರನ್ನು ನೋಡಿದರು. ಆಮೇಲೆ ಸಾಹೇಬರನ್ನು ನೋಡಿದರು.

"ಅಂಗಿಯನ್ನ ಹ್ಯಾಂಗರ್ ಮೇಲೆ ಅಳೆದು ಹೊಲಿದ್ರೆ ಹ್ಯಾಂಗರಿಗೇ ಸರಿಹೋಗುತ್ತೆ," ಎಂದರು ಹೆಂಡತಿ. "ಊರೋರನ್ನೆಲ್ಲ ತೂಗ್ತೀರಿ. ನಿಮ್ಮದೊಂದು ತೂಕ ಇದೆ ಅಂತ ಒಂದು ಸಲಾನೂ ಲೆಕ್ಕಕ್ಕೆ ಹಿಡೀಲಿಲ್ವಲ್ಲ ರೀ."

ನಾಲ್ಕು ಜನ ತಳ್ಳಿದರು. ಯಾರೂ ಇಲ್ಲದ ಕಾರು ಸರಾಗವಾಗಿ, ಸದ್ದಿಲ್ಲದೆ, ಉಬ್ಬು ದಾಟಿ ಹೊರರಸ್ತೆಗೆ ಇಳಿಯಿತು.

ಸಾಹೇಬರ ಮುಖ ಅರಳಿತು. ಇಂಥವರ ಮುಖ ಬಾಡಿದ್ದು ಬಹಳ ಹೊತ್ತು ನಿಲ್ಲುವುದಿಲ್ಲ. "ದಾಟಿತು! ನೋಡಿದ್ರಾ? ದಾಟಿತು! ಬಾರೇ, ಕೂತ್ಕೋ, ಊಟದ ಹೊತ್ತಿಗೆ ಹೋಗಿಬಿಡೋಣ. ಕೋಣೆ ನಂದೇ!"

"ನಮ್ಮ ಬೀದೀಲಿ ಎರಡು ಹಂಪಿದೆ ಅಣ್ಣ," ಎಂದ ಷಡ್ಡಕ.

ಮೇಡಂ ಫೈಲು ಮುಚ್ಚಿದರು. "ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ. ಬಸ್ಸಲ್ಲಿ ಬನ್ನಿ." ಅಂಗಡಿಯವನನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದರು. ಆ ದಿನದಿಂದ ನಮ್ಮ ಬೇಳೆ ತಿಂಗಳಿಗೆ ಸರಿಯಾಗಿ ಮುಗಿಯುತ್ತಿದೆ. ನ್ಯಾಯವಾದ ತೂಕ ನಮಗೆ ಯಾಕೋ ಮೋಸದಂತೆ ಕಾಣುತ್ತದೆ.

ಹೆಂಡತಿ ತಳ್ಳಿದವರ ಕಡೆ ತಿರುಗಿದರು. "ನಿಮ್ಮ ಕೈ ಹೇಗೂ ಖಾಲಿ ಇದೆ. ಮನೇಲಿ ಒಂದು ಮೆಷಿನ್ನು ಇಳಿಸಬೇಕು, ಬರ್ತೀರಾ?"

ಅವರು ಹೋದರು. ಸಾಹೇಬರು ಕಾರಿನಲ್ಲಿ ಒಬ್ಬರೇ ಕೂತು ಹೊರರಸ್ತೆಯಲ್ಲಿ ಗುಡುಗಿದರು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ಸಪಾಟಾದ ಕಡೆಯೆಲ್ಲ. ಸಂಜೆ ಪೆಟ್ರೋಲು ತೀರುವ ಹೊತ್ತಿಗೆ ಉಬ್ಬಿನ ಆಚೆ ಬಂದು ನಿಂತರು. ತಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ನೋಡಿದರು. ಬಾಲ್ಕನಿಗಳೆಲ್ಲ ಖಾಲಿ. ಕಾರನ್ನು ಅಲ್ಲೇ ಬಿಟ್ಟು ನಡೆದು ಬಂದರು.

ಶಟರು ಮೇಲೆದ್ದಿತ್ತು. ಆಯಿಲ್ ಕಲೆಗಳ ಮೇಲೆ ಚಾಪೆ ಹಾಸಿತ್ತು. ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು, ಬಾಗಿಲಲ್ಲಿ ಮೂರು ಜನ ಹೆಂಗಸರು ಬಟ್ಟೆ ಹಿಡಿದು ಕೂತಿದ್ದರು. ಇಡೀ ದಿನದ ಕಥೆಯನ್ನು ಬಿಡದೆ ಹೇಳಿಕೊಂಡಿದ್ದರು ಎಂಬುದು ಸಾಹೇಬರನ್ನು ನೋಡಿದ ಕೂಡಲೇ ಅವರು ಬಾಯಿಗೆ ಬಟ್ಟೆ ಅಡ್ಡ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಕಾರು ಎಲ್ಲಿಡಲಿ?" ಎಂದರು ಸಾಹೇಬರು.

"ಇಟ್ಟ ಕಡೆ ಇರಲಿ."

"ಬಿಸಿಲು, ಧೂಳು... ಹಳೇ ಕಾರು ಕಣೇ."

ಯಂತ್ರ ನಿಂತಿತು. "ಸರಿ, ಒಂದು ಕವರು ಹೊಲಿದು ಕೊಡ್ತೀನಿ."

ಸಾಹೇಬರ ಬೆನ್ನು ನೆಟ್ಟಗಾಯಿತು. ಜೇಬಿಗೆ ಕೈ ಹಾಕಿ ಗ್ರೀಸು ಮೆತ್ತಿದ ಟೇಪು ತೆಗೆದರು. "ಈಗಲೇ ಹೋಗಿ ಅಳತೆ ಹಿಡ್ಕೊಂಡು ಬರ್ತೀನಿ."

ಹೆಂಡತಿ ಕೈ ಚಾಚಿದರು.

"ಟೇಪು ಇಲ್ಲಿ ಕೊಡಿ. ಅಳತೆ ನಾನೇ ತಗೋತೀನಿ."